ತೂತಿಲ್ಲದ ಗೋಡೆ

ಗೋಡೆಗೂ ಹೊಟ್ಟೆ ಬರುತ್ತದೆ ಅನ್ನುವುದು ನಿಮಗೆ ಗೊತ್ತಿತ್ತಾ? ನನಗೆ ಗೊತ್ತಿರಲಿಲ್ಲ. ಹೋದ ಮಂಗಳವಾರ ಬೆಳಗ್ಗೆ ಗೊತ್ತಾಯಿತು.

ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಟೀ ಅಂಗಡಿ ಮುಂದೆ ನಿಂತಿದ್ದೆ. ಎರಡು ದಿನದಿಂದ ಸೋನೆ ಹಿಡಿದಿತ್ತು. ಹಂಪಾಪುರದ ಕಡೆಯಿಂದ ಬಂದವರು ಹತ್ತಿ ಚೆನ್ನಾಗಿ ಮೊಳೆತಿದೆ, ಇನ್ನೆರಡು ದಿನ ಹೀಗೇ ಹಿಡಿಯಲಿ ಅಂತ ಮಾತಾಡಿಕೊಳ್ಳುತ್ತಿದ್ದರು. ನಮ್ಮ ಕಡೆ ಮಳೆ ಬಂದರೆ ಯಾರೂ ಹೆದರುವುದಿಲ್ಲ. ಬರದಿದ್ದರೆ ಹೆದರುತ್ತೇವೆ. ಅಷ್ಟರಲ್ಲಿ ತಂಗಿ ಸವಿತಳ ಫೋನ್ ಬಂತು.

"ಅಣ್ಣ, ಹಿಂದ್ಗಡೆ ಗೋಡೆಗೆ ಹೊಟ್ಟೆ ಬಂದದೆ ಕಣಣ್ಣ."

ನಾನು ನಕ್ಕೆ. (ಹೌದು, ನಕ್ಕೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ?) ಅವಳು ನಗಲಿಲ್ಲ. ಬೇಸಿಗೆಗೆ ಮುಂಚೆ ನೀನು ಸಿಮೆಂಟ್ ಮೆತ್ತಿ ಹೋದೆಯಲ್ಲ, ಅದೇ ಗೋಡೆ ಅಂದಳು. ನಗು ಅಲ್ಲಿಗೆ ನಿಂತಿತು.

ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಸವಿತಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎರಡು ವರ್ಷದ ಹಿಂದೆ ಕರಾವಳಿಯ ಒಂದು ಪಟ್ಟಣಕ್ಕೆ ಟ್ರಾನ್ಸ್‌ಫರ್ ಆಯಿತು. ಊರಿನ ಹೆಸರು ಬೇಡ. (ಭಾವ ಇನ್ನೂ ಅಲ್ಲೇ ಕೆಲಸ ಮಾಡಬೇಕು.) ಪಟ್ಟಣ ಅಂದರೆ ಒಂದು ದೊಡ್ಡ ಗುಡ್ಡ, ಅದರ ಮೈತುಂಬ ಮನೆಗಳು, ಬುಡದಲ್ಲಿ ಸಮುದ್ರ. ಗುಡ್ಡದ ನಡುವೆ ಒಂದು ಕಡೆ ನೆಟ್ಟಗೆ ಕಡಿದು, ಮಟ್ಟ ಮಾಡಿ, ಒಂದರ ಪಕ್ಕ ಒಂದು ನಾಲ್ಕು ಬಾಡಿಗೆ ಮನೆ ಕಟ್ಟಿದ್ದಾರೆ. ಅದರಲ್ಲಿ ಮೂರನೆಯದು ಇವರದು. ಮನೆಗಳ ಹಿಂದೆ, ನಾಲ್ಕೇ ಅಡಿ ದೂರದಲ್ಲಿ, ಎರಡಾಳು ಎತ್ತರದ ತಡೆಗೋಡೆ. ಗೋಡೆಯ ಹಿಂದೆ ಇಡೀ ಗುಡ್ಡ.

ಆ ಊರಿನ ಬೀದಿ ಬೀದಿಗೂ ಒಂದೊಂದು ಗೋಳು. ನೆತ್ತಿಯ ಮೇಲಿರುವವರಿಗೆ ನಲ್ಲಿ ನೀರು ಹತ್ತುವುದಿಲ್ಲ ಅನ್ನುವ ಕೊರಗು. ಸಮುದ್ರ ಕಾಣುವ ಬಾಲ್ಕನಿಯಲ್ಲಿ ಕೂತು ಟ್ಯಾಂಕರಿಗೆ ಕಾಯುತ್ತಾರೆ. ಬುಡದಲ್ಲಿ ಮೀನು ಮಾರ್ಕೆಟ್ ರಸ್ತೆಯವರಿಗೆ ನೀರು ಇಳಿದು ಬರುತ್ತದೆ ಅನ್ನುವ ಕೊರಗು. ಮೇಲಿನವರ ಬಚ್ಚಲು ನೀರೆಲ್ಲ ತಮ್ಮ ಬಾಗಿಲಿಗೇ ಅಂತ ವಾರಕ್ಕೊಂದು ಅರ್ಜಿ ಬರೆಯುತ್ತಾರೆ.

ನಡುವಿನವರು? ಅವರದೊಂದು ವಾಟ್ಸಾಪ್ ಗ್ರೂಪ್ ಇದೆ. ಜೂನ್ ಬಂತೆಂದರೆ ಅದರಲ್ಲಿ ಬರೀ ಗೋಡೆಗಳ ಫೋಟೊ. ಎದುರಿನಿಂದ ಒಂದು, ಪಕ್ಕದಿಂದ ಒಂದು, ಬಿರುಕಿನ ಹತ್ತಿರ ಪೆನ್ನು ಇಟ್ಟು ಒಂದು. ಹೋದ ವರ್ಷ ಸವಿತ ಕೆಲವನ್ನು ನನಗೂ ಫಾರ್ವರ್ಡ್ ಮಾಡಿದ್ದಳು. ಈ ಜನಕ್ಕೆ ಬೇರೆ ಕೆಲಸವಿಲ್ಲವಾ ಅಂದುಕೊಂಡು ಡಿಲೀಟ್ ಮಾಡಿದ್ದೆ.

ನಮ್ಮ ಭಯವೇ ಬೇರೆ ನೋಡಿ. ನಾವು ಕಾಡಂಚಿನವರು. ಮನೆ ಹತ್ತಿರ ಬಿಲ ಕಂಡರೆ ಮುಚ್ಚಬೇಕು, ಅಷ್ಟೇ ನಮಗೆ ಗೊತ್ತು. ನಮ್ಮಪ್ಪ ಯುಗಾದಿಗೆ ಸುಣ್ಣ ಬಳಿಯುವ ಮೊದಲು ಮನೆ ಸುತ್ತ ಒಂದು ರೌಂಡ್ ಹಾಕುತ್ತಿದ್ದರು. ಬಾಂಡ್ಲಿಯಲ್ಲಿ ಕಲಸಿದ ಸಿಮೆಂಟು, ಅದರೊಳಗೆ ಒಡೆದ ಬಾಟಲಿಯ ಚೂರು. ಗಾಜಿದ್ದರೆ ಇಲಿ ಮತ್ತೆ ಕೊರೆಯುವುದಿಲ್ಲ. ಇಲಿ ಸುಳಿಯದಿದ್ದರೆ ಹಾವೂ ಸುಳಿಯುವುದಿಲ್ಲ. ನನಗೆ ಅಪ್ಪನಿಂದ ಬಂದ ವಿದ್ಯೆ ಇದೊಂದೇ.

ಶಿವರಾತ್ರಿ ಕಳೆದ ಮೇಲೆ ಸವಿತ ಫೋನ್ ಮಾಡಿ, ಹಿಂದಿನ ಗೋಡೆಯ ಪೈಪಿನಲ್ಲಿ ಹಾವಿನ ಪೊರೆ ನೇತಾಡುತ್ತಿದೆ ಅಂದಿದ್ದಳು. ಆ ಗೋಡೆಯ ಕೆಳಭಾಗದಲ್ಲಿ ಸಾಲಾಗಿ ಪೈಪು ತೂರಿಸಿದ ತೂತುಗಳಿದ್ದವು. ಅವುಗಳ ಎದುರಿಗೇ ಹಿಂದಿನ ರೂಮಿನ ಕಿಟಕಿ. ಅಲ್ಲಿ ಮಲಗುವುದು ಅವಳ ಆರು ವರ್ಷದ ಮಗಳು ಚಿನ್ನಿ. ನನಗೆ ಅನ್ನ ಸೇರಲಿಲ್ಲ. ಆ ಶನಿವಾರವೇ ಬಸ್ ಹತ್ತಿದೆ.

ಒಂದು ಬಾಂಡ್ಲಿ ಸಿಮೆಂಟು ಕಲಸಿದೆ. ಗಾಜು ಕುಟ್ಟಿ ಹಾಕಿದೆ. ಆರು ತೂತಿಗೂ ಕೋಲಿನಿಂದ ಒಂದು ಮೊಳ ಒಳಕ್ಕೆ ತಳ್ಳಿ, ಮೇಲೆ ನುಣ್ಣಗೆ ಸವರಿದೆ. ಕಲಸಿದ್ದನ್ನೆಲ್ಲ ಖಾಲಿ ಮಾಡಿಯೇ ಕೈ ತೊಳೆದದ್ದು. (ಕಲಸಿದ ಸಿಮೆಂಟು ಚೆಲ್ಲುವವನನ್ನು ನಮ್ಮೂರಲ್ಲಿ ದಂಡಪಿಂಡ ಅನ್ನುತ್ತಾರೆ.) ಆಮೇಲೆ ಗೋಡೆ ಮುಂದೆ ನಿಂತು ಸೆಲ್ಫಿ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಆವತ್ತು ತಂಗಿಯ ಕೈಯ ಕೋಳಿ ಸಾರು ತುಂಬ ರುಚಿಯಾಗಿತ್ತು.

ಆ ತೂತುಗಳನ್ನು ಯಾಕೆ ಬಿಟ್ಟಿದ್ದಾರೆ ಅಂತ ನಾನು ಕೇಳಲಿಲ್ಲ. ನೀವಾಗಿದ್ದರೆ ಕೇಳುತ್ತಿದ್ದಿರಾ?

ಈಗ ಮಂಗಳವಾರದ ಫೋನಿಗೆ ಬನ್ನಿ. ಅಲ್ಲಿ ನಾಲ್ಕು ದಿನದಿಂದ ಬಿಡದೆ ಸುರಿಯುತ್ತಿತ್ತಂತೆ. ಹೋದ ವರ್ಷ ಇಂಥ ಮಳೆಯಲ್ಲಿ ಹಿಂದಿನ ಚರಂಡಿ ತುಂಬಿ ಹರಿಯುತ್ತಿತ್ತು, ಈ ಸಲ ಹರಿಯುತ್ತಿಲ್ಲ ಅಂತ ಸವಿತಳಿಗೆ ಮೊದಲು ಖುಷಿಯೇ ಆಗಿತ್ತಂತೆ. ಬೆಳಗ್ಗೆ ಬಟ್ಟೆ ಹಿಂಡಲು ಹೋದವಳು ನೋಡಿದರೆ ಗೋಡೆಯ ನಡುಭಾಗ ಮುಂದಕ್ಕೆ ಬಂದಿದೆ. ಮೇಲಿನಿಂದ ಕೆಳಗೆ ಒಂದು ಬಿರುಕು. ಮೇಲಿನ ಓಣಿಯಲ್ಲಿರುವ ಶೀನಣ್ಣ ಮೇಸ್ತ್ರಿಯನ್ನು ಕರೆಸಿದ್ದಾರೆ. ಎಪ್ಪತ್ತು ದಾಟಿದ ಮನುಷ್ಯ, ಆ ಗುಡ್ಡದ ಅರ್ಧ ಗೋಡೆಗಳು ಅವರ ಕೈಯವೇ. ಅವರು ನೋಡಿ, ಮಗುವನ್ನು ಎತ್ತಿಕೊಂಡು ಮುಂದಿನ ರೂಮಿಗೆ ನಡೆಯಿರಿ ಅಂದರಂತೆ. ಆಮೇಲೆ ಕೇಳಿದ್ದು, ಇದರ ತೂತು ಮುಚ್ಚಿದ್ದು ಯಾರು ಅಂತ.

"ನಾನು ನಿನ್ನ ಹೆಸ್ರು ಹೇಳ್ನಿಲ್ಲ ಕಣಣ್ಣ" ಅಂದಳು ಸವಿತ.

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮನೆಯ ಓನರ್ ದುಬೈನಲ್ಲಿದ್ದಾರೆ, ಮಳೆ ಕಳೆಯಲಿ ನೋಡೋಣ ಅಂದರಂತೆ. ಭಾವ ಬೇರೆ ಮನೆ ಹುಡುಕಲು ಓಡಾಡುತ್ತಿದ್ದಾನೆ. ಮಳೆಗಾಲದಲ್ಲಿ ಮಟ್ಟಸ ಜಾಗದ ಮನೆಗಳಿಗೆ ಅಲ್ಲಿ ನೂಕುನುಗ್ಗಲು.

ನಾನು ಹುಣಸೂರಿಗೆ ಹೋಗಿ ಕರಾವಳಿ ಬಸ್ ಹತ್ತಿದೆ. ಪಿರಿಯಾಪಟ್ಟಣ ದಾಟುವವರೆಗೂ ಜನ ಮಳೆಯನ್ನು ಹೊಗಳುತ್ತಿದ್ದರು. ಹೊಗೆಸೊಪ್ಪಿಗೆ ಒಳ್ಳೆಯದು, ಜೋಳಕ್ಕೆ ಒಳ್ಳೆಯದು. ಮಡಿಕೇರಿ ಬಿಟ್ಟ ಮೇಲೆ ಯಾರೂ ಮಾತಾಡಲಿಲ್ಲ. ಘಾಟಿಯಲ್ಲಿ ಒಂದು ಕಡೆ ಗುಡ್ಡ ಹಸಿ ಗಾಯದ ಹಾಗೆ ಕೆಂಪಗೆ ಕಾಣುತ್ತಿತ್ತು, ಕೆಳಗೆ ಜೆಸಿಬಿ ನಿಂತಿತ್ತು. ರಸ್ತೆ ಪಕ್ಕದ ಪ್ರತಿ ತಡೆಗೋಡೆಯಲ್ಲೂ ಸಾಲು ತೂತು. ಪ್ರತಿ ತೂತಿನಿಂದಲೂ ನೀರು ಚಿಮ್ಮುತ್ತಿತ್ತು. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ಈಗ ಒಂದೊಂದೇ ಎಣಿಸುತ್ತಾ ಹೋದೆ. ಫೋನ್ ಕೈಯಲ್ಲೇ ಇತ್ತು, ರಿಂಗ್ ಆಗದಿರಲಿ ಅಂತ ಬೇಡಿಕೊಳ್ಳುತ್ತಿದ್ದೆ.

ಸಂಜೆ ಮನೆ ತಲುಪಿ ಗೋಡೆ ನೋಡಿದೆ. ನನ್ನ ಆರು ಸಿಮೆಂಟು ತೇಪೆಗಳು ಹಾಗೇ ನುಣ್ಣಗಿದ್ದವು. ಒಂದು ಹನಿ ಜಿನುಗಿರಲಿಲ್ಲ. ಅಷ್ಟು ಗಟ್ಟಿ ಕೆಲಸ ನಾನು ಜೀವನದಲ್ಲಿ ಬೇರೆ ಯಾವುದನ್ನೂ ಮಾಡಿಲ್ಲ. ಅದರ ಮೇಲೆ ಗೋಡೆ ಬಸುರಿಯಂತೆ ಮುಂದಕ್ಕೆ ಬಾಗಿತ್ತು. ಚಿನ್ನಿ ಕಿಟಕಿಯಿಂದ ಮಾವಾ ಅಂತ ಕೂಗಿದಳು. ಗೊಂಬೆ ತರಲು ಹಿಂದಿನ ರೂಮಿಗೆ ಬಂದಿದ್ದಳಂತೆ. ನಾನು ಗದರಿದ ಗದರಿಕೆಗೆ ಅವಳು ಅತ್ತಳು.

ಮಾರನೇ ದಿನ ಮಧ್ಯಾಹ್ನ ಮಳೆ ಸ್ವಲ್ಪ ಕಡಿಮೆಯಾದಾಗ ಶೀನಣ್ಣ ಬಂದರು. ಕೈಯಲ್ಲಿ ಉದ್ದನೆಯ ಕಬ್ಬಿಣದ ಸರಳು, ಒಂದು ಸುತ್ತಿಗೆ. ಅವರು ಮತ್ತೆ ಅದೇ ಪ್ರಶ್ನೆ ಕೇಳಿದರು. ಸವಿತ ನೆಲ ನೋಡಿದಳು. ನಾನು ಕೈ ಎತ್ತಿದೆ, ಸ್ಕೂಲ್ ಹುಡುಗನ ಹಾಗೆ. ಹಾವು ಬರುತ್ತದೆ ಅಂತ ಮುಚ್ಚಿದೆ ಅಂದೆ.

ಅವರು ಬೈಯಲಿಲ್ಲ. "ಹಾವು ಬಂದ್ರೆ ಒಬ್ಬರಿಗೆ ಕಚ್ಚುತ್ತದೆ ಮಾರಾಯ್ರೆ. ಗುಡ್ಡ ಬಂದ್ರೆ ಎಣಿಸ್ಲಿಕ್ಕೂ ಯಾರೂ ಉಳಿಯುದಿಲ್ಲ" ಅಂದರು, ಅಷ್ಟೆ.

ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಬನ್ನಿ ಅಂತ ನನ್ನನ್ನು ಎಳೆದುಕೊಂಡರು. ಭಾವ ಸರಳು ಹಿಡಿದ, ನಾನು ಹೊಡೆದೆ. ಮೊದಲನೆಯದು ಒಡೆಯಲು ಅರ್ಧ ಗಂಟೆ. ಒಡೆದಾಗ ಹೊಲದಲ್ಲಿ ಪಂಪ್‌ಸೆಟ್ ಆನ್ ಮಾಡಿದ ಹಾಗೆ ಕೆಂಪು ನೀರು ನುಗ್ಗಿ ಮನೆಯ ಕಿಟಕಿಗೆ ಬಡಿಯಿತು. ಚಿನ್ನಿಯ ಕಿಟಕಿಗೆ. ಇಷ್ಟು ನೀರನ್ನು ಆ ಗೋಡೆ ಐದು ದಿನ ಬೆನ್ನ ಮೇಲೆ ಹೊತ್ತುಕೊಂಡು ನಿಂತಿತ್ತಾ?

ಆರೂ ತೂತು ತೆರೆಯುವ ಹೊತ್ತಿಗೆ ಸಂಜೆಯಾಯಿತು. ನಾನೇ ಹಾಕಿದ ಗಾಜು ನನ್ನ ಎರಡು ಬೆರಳು ಕೊಯ್ದಿತ್ತು. (ಬ್ಯಾಂಡೇಜ್ ಇನ್ನೂ ಇದೆ. ಈ ಅಂಕಣವನ್ನು ಎಂಟು ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ.) ಶೀನಣ್ಣ ಬಿರುಕಿನ ಎರಡೂ ಕಡೆ ಪೆನ್ನಿನಿಂದ ಗೀರು ಎಳೆದು, ಅದು ದೊಡ್ಡದಾದರೆ ಒಂದು ಕ್ಷಣವೂ ನಿಲ್ಲಬೇಡಿ, ನಮ್ಮ ಮನೆಗೆ ಓಡಿ ಬನ್ನಿ ಅಂದರು. ಹೊರಡುವಾಗ ತಿರುಗಿ ನನ್ನನ್ನು ಕೇಳಿದರು:

"ಬೇರೆ ಎಲ್ಲಿಯಾದ್ರೂ ಮುಚ್ಚಿದ್ದು ಉಂಟಾ?"

ಇಲ್ಲ ಅಂದೆ. ಧೈರ್ಯವಾಗಿ ಅಂದೆ.

ಎರಡು ದಿನ ಅಲ್ಲೇ ಇದ್ದೆ. ಗಂಟೆಗೊಮ್ಮೆ ಪೆನ್ನಿನ ಗೀರು ನೋಡುವುದೇ ಕೆಲಸ. ಬಿರುಕು ದೊಡ್ಡದಾಗಲಿಲ್ಲ. ಡಿಪೋ ಹತ್ತಿರ ಒಂದು ಮನೆ ತಿಂಗಳ ಕೊನೆಗೆ ಖಾಲಿಯಾಗುತ್ತದೆ ಅಂತ ಗೊತ್ತಾಯಿತು. ಅಲ್ಲಿಯವರೆಗೆ ಮೂವರೂ ಮುಂದಿನ ರೂಮಿನಲ್ಲಿ. ಬೀದಿಯವರು ಬಂದು ಬಂದು ಗೋಡೆ ನೋಡಿ, ಫೋಟೊ ತೆಗೆದುಕೊಂಡು ಹೋದರು. ಗ್ರೂಪಿಗೆ ನನ್ನನ್ನೂ ಸೇರಿಸಿದ್ದಾರೆ. ಈಗ ಒಂದು ಫೋಟೊವನ್ನೂ ಡಿಲೀಟ್ ಮಾಡುವುದಿಲ್ಲ, ಝೂಮ್ ಮಾಡಿ ನೋಡುತ್ತೇನೆ.

ಶುಕ್ರವಾರ ಮನೆಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಗುಡ್ಡದವರಿಗೆ ಗುಡ್ಡದ ಭಯ, ಕಾಡಂಚಿನವರಿಗೆ ಹಾವಿನ ಭಯ. ಅವರವರ ಭಯ ಅವರವರನ್ನು ಕಾಪಾಡಿಕೊಂಡು ಬಂದಿದೆ. ನಾನು ನನ್ನೂರಿನ ಭಯವನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ ಅವರ ಗೋಡೆಗೆ ಮೆತ್ತಿ ಬಂದೆ. ಅದೂ ಪ್ರೀತಿಯಿಂದ! ಒಂದು ಸಲ ಶೀನಣ್ಣನಂಥವರನ್ನು ಕರೆದು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅಂಕಣಕ್ಕೆ ಇಷ್ಟು ಸಾಕು, ಇಲ್ಲಿಗೆ ಮುಗಿಸೋಣ ಅಂದುಕೊಂಡಿದ್ದೆ.

ಭಾನುವಾರ ಬೆಳಗ್ಗೆ ನನ್ನ ಹೆಂಡತಿ ಬಚ್ಚಲ ಗೋಡೆಯ ಹೊರಗೆ ಹೊಸ ಇಲಿ ಬಿಲ ಆಗಿದೆ ಅಂದಳು. ಸಿಮೆಂಟು ಕಲಸಿ ಮುಚ್ಚಿದೆ. (ಇಲ್ಲಿ ಮುಚ್ಚಬಹುದು, ಹಿಂದೆ ಗುಡ್ಡವಿಲ್ಲ.) ಬಾಂಡ್ಲಿಯಲ್ಲಿ ಎರಡು ಹಿಡಿ ಉಳಿಯಿತು. ಚೆಲ್ಲಲು ಮನಸ್ಸು ಬರಲಿಲ್ಲ. ಬೇರೆ ಎಲ್ಲಾದರೂ ತೂತಿದೆಯಾ ಅಂತ ಸುತ್ತ ನೋಡಿದೆ.

ಅಲ್ಲೇ ಕೈ ನಿಂತಿತು.

ಆವತ್ತೂ ಉಳಿದಿತ್ತು. ಆರು ತೂತು ತುಂಬಿದ ಮೇಲೂ ಬಾಂಡ್ಲಿಯಲ್ಲಿ ಸಿಮೆಂಟು ಉಳಿದಿತ್ತು. ಪಕ್ಕದ ಮನೆಗೆ ಬೀಗ ಹಾಕಿತ್ತು, ಬಾಡಿಗೆಗಿದೆ ಅಂತ ಬೋರ್ಡು ನೇತಾಡುತ್ತಿತ್ತು. ಅದೇ ಗೋಡೆ ಅವರ ಹಿತ್ತಲಿಗೂ ಹೋಗುತ್ತದೆ. ಅಲ್ಲೂ ಮೂರು ತೂತು ಕಂಡವು. ಯಾರು ಬಂದರೂ ಅವರಿಗೂ ಮಕ್ಕಳಿರುತ್ತವಲ್ಲ, ಪುಣ್ಯ ಬರಲಿ ಅಂತ ಅವನ್ನೂ ತುಂಬಿ ಬಂದಿದ್ದೆ. ಹೋದ ವಾರ ಅಲ್ಲಿ ಆಳೆತ್ತರ ಕಳೆ ಬೆಳೆದಿತ್ತು. ನನಗೂ ನೆನಪಾಗಲಿಲ್ಲ, ಶೀನಣ್ಣನಿಗೂ ಕಾಣಲಿಲ್ಲ.

ಸಿಮೆಂಟಿನ ಕೈಯಲ್ಲೇ ಸವಿತಳಿಗೆ ಫೋನ್ ಮಾಡಿದೆ. ಪಕ್ಕದ ಮನೆ ಖಾಲಿ ತಾನೇ ಅಂತ ಕೇಳಿದೆ. ಇಲ್ಲ, ನೆನ್ನೆ ಬಂದರು ಅಂದಳು. ನಮ್ಮ ಹಾಗೇ ಕಾಡಂಚಿನವರು, ಎನ್. ಬೇಗೂರಿನವರಂತೆ. ನಮ್ಮ ಕಡೆಯ ಮಾತಾಡುವವರು ಸಿಕ್ಕರಲ್ಲ ಅಂತ ಅವಳಿಗೆ ಖುಷಿ. ಗಂಡ, ಹೆಂಡತಿ, ಒಂದು ಕೈಗೂಸು. ಹಿಂದಿನ ರೂಮಿನಲ್ಲಿ ತೊಟ್ಟಿಲು ಕಟ್ಟಿದ್ದಾರಂತೆ.

ವಿಷಯ ಹೇಳಿದೆ. ಮೊದಲು ಆ ಮಗುವನ್ನು ಮುಂದಕ್ಕೆ ಕರೆತರಲು ಹೇಳು, ಈಗಲೇ ಶೀನಣ್ಣನನ್ನು ಕರೆದುಕೊಂಡು ಹೋಗು ಅಂದೆ. ಆ ಕಡೆ ಬಾಗಿಲು ತೆರೆದ ಸದ್ದು, ಅದರ ಹಿಂದೆಯೇ ಮಳೆಯ ಸದ್ದು ಕೇಳಿತು.

"ಓಯ್ತೀನಿ ಕಣಣ್ಣ. ಆದ್ರೆ ಬೇಸಿಗೇಲಿ ಬಂದು ಮನೆ ನೋಡ್ದಾಗ ಆಯಮ್ಮ ಒಪ್ಕಂಡಿದ್ದೇ, ಗೋಡೇಲಿ ಒಂದೂ ತೂತಿಲ್ಲ ಅಂತ."