ಆಯಮ್ಮ ಹುಯ್ದ ನೀರು

ಹೆರಿಗೆ ಆಸ್ಪತ್ರೆಯ ಆಯಮ್ಮನಿಗೆ ಹೇಸಿಗೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ರಕ್ತ, ವಾಂತಿ, ಮಲ, ಮೂತ್ರ ಎಲ್ಲವನ್ನೂ ಬಕೆಟ್ಟಿಗೆ ಬಳಿದು, ನೆಲಕ್ಕೆ ಫಿನೈಲ್ ಹಾಕಿ ಒರೆಸಿ, ಸೋಪು ಹಚ್ಚಿ ಕೈ ತೊಳೆದು, ಅದೇ ಕೈಯಲ್ಲಿ ಊಟದ ಡಬ್ಬಿ ಬಿಚ್ಚುವವಳು. ಹೊಸ ನರ್ಸುಗಳು ಮೂಗು ಮುಚ್ಚಿಕೊಂಡರೆ, "ನೀವೂ ಹೀಗೇ ಬಂದೋರು ಕಣ್ರಮ್ಮ, ಪೌಡರ್ ಹಾಕ್ಕೊಂಡು ಹುಟ್ಟಿಲ್ಲ" ಎನ್ನುತ್ತಿದ್ದಳು. ಅಂಥವಳಿಗೂ ಹೇಸಿಗೆ ಕಲಿಸಿದ ಕೀರ್ತಿ ಅವಳ ಚರ್ಚಿನವರದು. ಹೇಳಿಕೊಳ್ಳುವ ಕೀರ್ತಿಯಲ್ಲ, ಆದರೂ ಹೇಳಲೇಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಗು ನೀಲಿಗಟ್ಟಿ ಹುಟ್ಟಿತು. ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ. ವಾರ್ಡು ನೋಡಿಕೊಳ್ಳುತ್ತಿದ್ದ ವಯಸ್ಸಾದ ಕನ್ಯಾಸ್ತ್ರೀ ಎರಡೂ ಕೈಯಿಂದ ತಾಯಿಯ ಹೊಟ್ಟೆ ಒತ್ತಿ ಹಿಡಿದುಕೊಂಡೇ, "ಮಗು ಹೋಗ್ತಾ ಇದೆ. ತಲೆ ಮೇಲೆ ಮೂರು ಸಲ ನೀರು ಹುಯ್ಯಿ, ನಾನು ಹೇಳಿದ ಹಾಗೆ ಹೇಳು" ಎಂದರು. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ. ಆಯಮ್ಮ ಹೇಳಿದಳು, ಹುಯ್ದಳು. ಆಮೇಲೆ, "ಸಿಸ್ಟರ್, ನನಗೇ ಜ್ಞಾನಸ್ನಾನ ಆಗಿಲ್ವಲ್ಲ, ನಾನಿನ್ನೂ ಕ್ರೈಸ್ತಳೇ ಅಲ್ಲ" ಎಂದಳು.

"ಪ್ರಾಣ ಹೋಗೋ ಹೊತ್ತಲ್ಲಿ ಯಾರು ಹುಯ್ದರೂ ಆಗುತ್ತೆ. ಮನಸ್ಸಿಟ್ಟು ಹುಯ್ದಿದ್ದೀಯ, ಸಾಕು" ಎಂದರು ಸಿಸ್ಟರ್.

ಅವರು ತೀರಿಕೊಂಡ ಮೇಲೂ ಆ ಕೆಲಸ ಆಯಮ್ಮನಿಗೇ ಅಂಟಿಕೊಂಡಿತು. ಫಾದರ್ ಬರುವಷ್ಟರಲ್ಲಿ ಮಗು ಉಳಿಯುವುದಿಲ್ಲ ಎನ್ನಿಸಿದರೆ ಕಥೋಲಿಕ ತಾಯಂದಿರು ಕರೆಯುತ್ತಿದ್ದುದು ಅವಳನ್ನೇ. ಕೆಲವು ಮಕ್ಕಳು ಬದುಕಿದವು, ಎಷ್ಟೋ ಮಕ್ಕಳು ಹೋದವು.

ಅವಳ ಗಂಡ ಹುಟ್ಟು ಕಥೋಲಿಕ, ಬಸ್ ಡ್ರೈವರ್. ಚರ್ಚಿನಲ್ಲಿ ಫಾದರ್ ಪ್ರಸಂಗ ಶುರುಮಾಡುತ್ತಲೇ ಗೊರಕೆ ಹೊಡೆಯುವ ಆಸಾಮಿ. ಮದುವೆಯಾಗುವಾಗ ಅವಳ ತಾಯಿ, "ನಾನು ಕಣ್ಣು ಮುಚ್ಚೋವರೆಗೂ ನೀನು ಆ ನೀರು ಹುಯ್ಯಿಸ್ಕೋಬೇಡ" ಎಂದು ಮಾತು ತೆಗೆದುಕೊಂಡಿದ್ದಳು. ಆಯಮ್ಮ ಮಾತು ಉಳಿಸಿಕೊಂಡಳು. ಭಾನುವಾರ ತಪ್ಪದೆ ಪೂಜೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುವಳು. ಜ್ಞಾನಸ್ನಾನ ಆದವರಿಗಷ್ಟೇ ಕೊಡುವ ಪರಮಪ್ರಸಾದಕ್ಕೆ ಎಲ್ಲರೂ ಎದ್ದಾಗ ತಾನು ಏಳಳು. ಸಂಸಾರ ಬೇರೆ ಊರಿನಿಂದ ಬಂದದ್ದು, ತೀರಿಕೊಂಡ ಸಿಸ್ಟರ್ ಬಿಟ್ಟರೆ ಅಸಲು ಸಂಗತಿ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ರಸಾದ ಮುಟ್ಟಬಾರದಂಥ ಏನೋ ದೊಡ್ಡ ಪಾಪವೇ ಮಾಡಿರಬೇಕು ಎಂದು ಹೆಂಗಸರು ಗುಸುಗುಸು ಮಾತಾಡಿಕೊಂಡರು. ಏನು ಪಾಪವೆಂದು ಆಳಿಗೊಂದರಂತೆ ಊಹಿಸಿ ಸಂತೋಷವನ್ನೂ ಪಟ್ಟರು.

ಹೋದ ವರ್ಷ ತಾಯಿ ತೀರಿಕೊಂಡಳು. ಕೂದಲು ನೆರೆತ ಆಯಮ್ಮ ಜ್ಞಾನಸ್ನಾನಕ್ಕೆಂದು ಮಕ್ಕಳ ಜೊತೆ ಕೂತು ಧರ್ಮೋಪದೇಶ ಕಲಿತಳು. "ಈ ವಯಸ್ಸಲ್ಲಿ ಯಾಕೆ? ನನಗೆ ತೊಟ್ಟಿಲಲ್ಲೇ ಆಗಿದೆ, ಏನು ಕಡಿದು ಕಟ್ಟೆ ಹಾಕಿದ್ದೀನಿ?" ಎಂದು ಗಂಡ ನಕ್ಕ.

"ಎಲ್ಲರ ಜೊತೆ ಎದ್ದು ಹೋಗ್ಬೇಕು ರೀ, ಒಂದ್ಸಲನಾದ್ರೂ" ಎಂದಳು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಜ್ಞಾನಸ್ನಾನದ ಹೊತ್ತಿಗೆ ಪಕ್ಕದಲ್ಲಿ ಜ್ಞಾನಮಾತೆಯಾಗಿ ನಿಲ್ಲಲು ಯಾರಾದರೂ ಬೇಕಲ್ಲ. ಫರ್ನಿಚರ್ ಅಂಗಡಿ ಸಾಹುಕಾರನ ಹೆಂಡತಿಯನ್ನು ಕೇಳಿದಳು. ಆಕೆಯ ಮಗನಿಗೂ ಹುಟ್ಟಿದ ಗಳಿಗೆಯಲ್ಲಿ ನೀರು ಹುಯ್ದವಳು ಆಯಮ್ಮನೇ. "ನಿಮ್ಮ ಕೈಗುಣ ಆಯಮ್ಮ, ಇಲ್ದಿದ್ರೆ ನಮ್ಮ ಹುಡುಗ ಎಲ್ಲಿ ಉಳೀತಿದ್ದ" ಎಂದು ಕಂಡಾಗಲೆಲ್ಲ ಕೈ ಹಿಡಿಯುತ್ತಿದ್ದ ಹೆಂಗಸು, ಸಂಗತಿ ಕೇಳಿದ್ದೇ ತಡ, ಹಿಡಿದ ಕೈ ಬಿಟ್ಟಳು.

"ನಿಮಗೇ ಆಗಿಲ್ವಾ? ಮತ್ತೆ ನಮ್ಮ ಹುಡುಗನಿಗೆ ಆಗಿದ್ದೇನು?"

ಹುಡುಗನಿಗೆ ಮದುವೆ ಗೊತ್ತಾಗಿತ್ತು. ಸಾಹುಕಾರ ಫಾದರ್ ಹತ್ತಿರ ಓಡಿದ. ಫಾದರ್ ವಿವರಿಸಿದರು: ಹುಯ್ದ ಕೈ ಯಾರದಾದರೂ ಸರಿ, ಅದು ಪೂರ್ತಿ ಜ್ಞಾನಸ್ನಾನವೇ, ಎರಡನೆಯ ಸಲ ಎಂಬುದು ಇಲ್ಲ.

"ಕಕ್ಕಸು ಬಳಿಯೋ ಕೈ, ಫಾದರ್. ಅದೂ ನಮ್ಮವಳಲ್ಲ. ಬೀಗರ ಕಿವಿಗೆ ಬಿದ್ರೆ ನನ್ನ ಮಾನ ಏನಾಗ್ಬೇಕು?"

ಇಷ್ಟು ವರ್ಷ ಅದೇ ಕೈ ಕೈಗುಣವಾಗಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಜಾತಿ ವಿಚಾರಿಸುವ ಜನ ಇವರು. ಸಾಹುಕಾರ ಒಬ್ಬನೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಅವನ ಹಿಂದೆ ಇನ್ನೂ ನಾಲ್ಕು ಮನೆಯವರು ಕುರಿಗಳ ಹಾಗೆ ಬಂದರು. ಸಾಹುಕಾರ ಚರ್ಚಿಗೆ ಹೊಸ ಬೆಂಚು ಮಾಡಿಸಿಕೊಡುವುದಾಗಿ ಹೇಳಿದ್ದ. ಫಾದರ್ ಎರಡು ದಿನ ಗಟ್ಟಿಯಾಗಿ ನಿಂತರು, ಮೂರನೆಯ ದಿನ ಮೆತ್ತಗಾದರು. "ಮನಸ್ಸಿನ ಸಮಾಧಾನಕ್ಕೆ, 'ನಿನಗೆ ಮೊದಲೇ ಆಗಿಲ್ಲದಿದ್ದರೆ' ಅಂತ ಸೇರಿಸಿ ಮತ್ತೊಂದ್ಸಲ ಮಾಡೋಣ" ಎಂದರು. ಆಯಮ್ಮನಿಗೆ ಮಾತ್ರ, "ನಿಮ್ಮದನ್ನ ಸ್ವಲ್ಪ ಮುಂದಕ್ಕೆ ಹಾಕೋಣ, ಮಾತು ತಣ್ಣಗಾಗಲಿ" ಎಂದರು.

ಆಯಮ್ಮ ಅದನ್ನೂ ನುಂಗಿಕೊಂಡಳು. ಅವಳ ಕೈಲಿ ನುಂಗಲಾಗದೆ ಹೋದದ್ದು ಟೈಲರಮ್ಮನ ಮಾತು. ಆಸ್ಪತ್ರೆಯ ಬೀದಿಯಲ್ಲೇ ಬ್ಲೌಸು ಹೊಲಿಯುತ್ತಿದ್ದ ಹೆಂಗಸು ಅವಳು. ಅವಳ ಒಂದೇ ಮಗು ಹುಟ್ಟಿದ ದಿನವೇ ಹೋಗಿತ್ತು, ಆಯಮ್ಮ ಹುಯ್ದ ನೀರು ತಲೆಯ ಮೇಲೆ ಆರುವ ಮೊದಲೇ. ನೀರು ಬಿದ್ದ ಮಗು ದೇವರ ಹತ್ತಿರ ಇದೆ ಎಂದು ನಂಬಿ ಅಷ್ಟು ವರ್ಷ ಹೊಲಿಗೆ ಮಿಷನ್ ತುಳಿದವಳು, ವಾರ್ಡಿನ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ, ಅವರ ಮಕ್ಕಳಿಗೆ ಮತ್ತೆ ಹುಯ್ಸೋದಕ್ಕೆ ತಲೆ ಇದೆ. ನನ್ನ ಮಗೂಗೆ ಎಲ್ಲಿಗೆ ಅಂತ ಹುಯ್ಸಲಿ?"



ಶನಿವಾರ ಮಧ್ಯಾಹ್ನ ಆಯಮ್ಮ ಡ್ಯೂಟಿಯ ಸೀರೆಯಲ್ಲೇ ಚರ್ಚಿಗೆ ಹೋದಳು. ಬಾಗಿಲು ಮುಂದಕ್ಕೆ ಎಳೆದಿತ್ತು. ಒಳಗೆ ಮೀಸೆ ಬಂದ ಗಂಡಸರು, ಮಕ್ಕಳಿದ್ದ ಹೆಂಗಸರು ಕತ್ತಿಗೆ ಟವೆಲ್ ಸುತ್ತಿಕೊಂಡು ಕಲ್ಲಿನ ತೊಟ್ಟಿಯ ಮುಂದೆ ಸಾಲಾಗಿ ನಿಂತಿದ್ದರು, ಕ್ಷೌರದಂಗಡಿಗೆ ಬಂದವರ ಹಾಗೆ. ಸಾಹುಕಾರನ ಮಗ ಆಯಮ್ಮನನ್ನು ಕಂಡು ಮುಖ ತಿರುಗಿಸಿದ. ಅವನ ತಾಯಿ ಮಗನ ತಲೆಯನ್ನು ಒತ್ತಿ ಒತ್ತಿ ಒರೆಸುತ್ತಿದ್ದಳು.

"ಒಳ್ಳೇ ಹೊತ್ತಿಗೆ ಬಂದ್ರಿ ಆಯಮ್ಮ. ನೆಲ ಎಲ್ಲ ಒದ್ದೆ ಆಗಿದೆ, ಒಂಚೂರು ಒರೆಸಿಬಿಡಿ" ಎಂದಳು ಆಕೆ.

ಆಯಮ್ಮ ಆಕೆಯ ಕಡೆ ತಿರುಗಲಿಲ್ಲ. "ಫಾದರ್, ನಾನು ಟೈಲರಮ್ಮನ ಮಗೂಗೆ ಹುಯ್ದಿದ್ದು ಆಗಿದೆಯೋ ಇಲ್ವೋ?"

"ಆಗಿದೆ, ಆಯಮ್ಮ. ಅದರಲ್ಲಿ ಅನುಮಾನವೇ ಇಲ್ಲ."

"ಹಾಗಾದ್ರೆ ಇವರಿಗೂ ಆಗಿತ್ತು."

"ಆಗಿತ್ತು."

"ಮತ್ತೆ ಈಗ ಮಾಡಿದ್ದೇನು?"

ಫಾದರ್ ಪಂಚಪಾತ್ರೆಯ ಹಾಗಿದ್ದ ಬೆಳ್ಳಿ ಬಟ್ಟಲನ್ನು ಕೈಯಿಂದ ಕೈಗೆ ಬದಲಾಯಿಸಿದರು. ಸಾಹುಕಾರ ಕೆಮ್ಮಿದ. ಫಾದರ್ ದನಿ ತಗ್ಗಿಸಿ, "ಬನ್ನಿ, ನೀರಿದೆ, ಎಲ್ಲ ಸಿದ್ಧವಾಗಿದೆ. ನಿಮ್ಮದನ್ನೂ ಈಗಲೇ ಮುಗಿಸಿಬಿಡೋಣ. ಆಮೇಲೆ ಯಾರೂ ನಿಮ್ಮನ್ನ ಕಥೋಲಿಕಳಲ್ಲ ಅನ್ನೋ ಹಾಗಿಲ್ಲ" ಎಂದರು.

ಜೀವಮಾನವೆಲ್ಲ ಕಾದದ್ದು ಅಲ್ಲಿ, ಮೊಳದ ದೂರದಲ್ಲಿತ್ತು. ಆಯಮ್ಮ ತೊಟ್ಟಿಯೊಳಗೆ ಬಗ್ಗಿ ನೋಡಿದಳು. ನೀರಿನ ಮೇಲೆ ಯಾರದೋ ಹೇರ್ ಆಯಿಲಿನ ಜಿಡ್ಡು ತೇಲುತ್ತಿತ್ತು. ಹೊಟ್ಟೆ ತೊಳಸಿ ಬಂತು. ಆಸ್ಪತ್ರೆಯ ಯಾವ ಬಕೆಟ್ಟನ್ನು ಕಂಡೂ ಹಾಗಾಗಿರಲಿಲ್ಲ.

"ಬೇಡ ಫಾದರ್. ನನಗೆ ವಾಕರಿಕೆ ಬರ್ತಿದೆ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನಡೆದಳು.

ಟೈಲರಮ್ಮನ ಅಂಗಡಿಯಲ್ಲಿ ಮಿಷನ್ ನಿಂತಿತ್ತು. ಹೊಲಿಯದ ಬಟ್ಟೆ ತೊಡೆಯ ಮೇಲಿಟ್ಟುಕೊಂಡು ಅವಳು ಬಾಗಿಲನ್ನೇ ನೋಡುತ್ತ ಕೂತಿದ್ದಳು.

"ಆಗಿದೆ ಕಣೇ ತಂಗಿ" ಎಂದಳು ಆಯಮ್ಮ, ಹೊಸ್ತಿಲಲ್ಲೇ ನಿಂತು. "ಫಾದರ್ ಬಾಯಿಂದಲೇ ಹೇಳ್ಸಿದೆ, ಎಲ್ಲರ ಎದುರಿಗೆ. ನಿನ್ನ ಮಗೂಗೆ ಆಗಿದೆ."

ಟೈಲರಮ್ಮ ಅತ್ತಳು. ಅತ್ತು ಮುಗಿದ ಮೇಲೆ ಕೇಳಿದಳು: "ಹಾಗಾದ್ರೆ ಅವರಿಗೆಲ್ಲ ಎರಡನೇ ಸಲ ಯಾಕೆ ಹುಯ್ದ್ರು, ಅಕ್ಕಾ?"

"ಅವರಿಗೆ ಕೊಳೆ ಹತ್ತಿತ್ತು, ತೊಳ್ಕೊಂಡ್ರು" ಎಂದಳು ಆಯಮ್ಮ. "ನಿನ್ನ ಮಗು ಅಷ್ಟು ದಿನ ಬದುಕಲಿಲ್ಲ."