ಬಿಳಿ ಪ್ರತಿ ಡ್ರೈವರನಿಗೆ

ನಾರ್ವೆಯಲ್ಲಿ ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ದೀಪ ಹಾಕದೆ ಪೇಪರ್ ಓದಬಹುದಂತೆ ಎಂದು ಯಾರಾದರೂ ಮಾತು ತೆಗೆದರೆ ನಾನು ಈಗಲೂ ಅಲ್ಲಿಂದ ಎದ್ದು ಹೋಗುತ್ತೇನೆ. ಒಂದು ಮದುವೆಯ ಊಟದಲ್ಲಿ ಹಾಗೆ ಪಾಯಸ ಬಿಟ್ಟು ಎದ್ದಿದ್ದೆ. ಆ ದೇಶದ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅದು ನನಗೇನೂ ಮಾಡಿಲ್ಲ, ನಾನು ಅದನ್ನು ನೋಡಿಯೂ ಇಲ್ಲ. ಆದರೆ ಓಸ್ಲೊದಿಂದ ಬೆರ್ಗೆನ್‌ಗೆ ಹೋಗುವಾಗ ಎಲ್ಲೆಲ್ಲಿ ಕಾರನ್ನು ದೋಣಿಗೆ ಹತ್ತಿಸಬೇಕು ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಒಬ್ಬ ಸ್ನೇಹಿತನನ್ನು ನಂಬಿ ಕಲಿತ ವಿದ್ಯೆ ಅದು.

1990ರಲ್ಲಿ ನಾನು ಕುವೈತಿನ ಅರ್ದಿಯಾದಲ್ಲಿ ಸರಕು ಸಾಗಣೆಯ ಒಂದು ಗೋದಾಮಿನಲ್ಲಿ ಗುಮಾಸ್ತನಾಗಿದ್ದೆ. ಲಾರಿಗಳಿಗೆ ಟ್ರಿಪ್ ಶೀಟ್ ಬರೆಯುವುದು ನನ್ನ ಕೆಲಸ. ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಡೀಸೆಲ್, ಎಲ್ಲಿ ನೀರು, ಯಾವ ಸರಕು, ಕೊನೆಯಲ್ಲಿ ಷರಾ. ನಡುವೆ ಕಾರ್ಬನ್ ಇಟ್ಟು ಒತ್ತಿ ಬರೆದರೆ ಎರಡು ಪ್ರತಿ. ಬಿಳಿಯದು ಡ್ರೈವರನಿಗೆ, ಹಳದಿಯದು ಆಫೀಸಿಗೆ. ಲಾರಿ ಮರಳಿದ ಮೇಲೆ ಡ್ರೈವರ್ ತನ್ನ ಬಿಳಿ ಪ್ರತಿಯಲ್ಲಿ ನಿಂತ ವೇಳೆಯನ್ನೆಲ್ಲ ತುಂಬಿ, ಷರಾ ಬರೆದು ನನ್ನ ಮೇಜಿಗೆ ತಂದಿಡಬೇಕು. ಬಿಳಿ ಪ್ರತಿ ಬಾರದೆ ಟ್ರಿಪ್ ಮುಗಿಯಿತೆಂದು ನಾನು ಒಪ್ಪುತ್ತಿರಲಿಲ್ಲ. ಹಾಗೆ ಬಂದ ಹಾಳೆಗಳನ್ನು ಓದಿ ಓದಿ, ಕಾಣದ ದಾರಿಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಬಸ್ರಾ, ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡನ್ ಗಡಿಯವರೆಗೆ ಯಾವ ಪೆಟ್ರೋಲ್ ಪಂಪಿನಲ್ಲಿ ಕುಡಿಯುವ ನೀರು ಸಿಗುತ್ತದೆ, ಯಾವುದರಲ್ಲಿ ಸಿಗುವುದಿಲ್ಲ ಎಂಬುದೂ ಗೊತ್ತಿತ್ತು. ಇಷ್ಟೆಲ್ಲ ಇದ್ದರೂ ನನಗೆ ಕಾರು ಬಿಡಲು ಬರುತ್ತಿರಲಿಲ್ಲ. ಲೈಸೆನ್ಸ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿದ್ದೆ. ಮೂರನೆಯ ಸಲ ಟೆಸ್ಟ್ ಮಾಡುತ್ತಿದ್ದ ಪೊಲೀಸಿನವನು "ಖಲಾಸ್" ಎಂದು ತಾನೇ ಕಾರಿನಿಂದ ಇಳಿದು ಹೋದ.

ಕಾರು ಇದ್ದದ್ದು ನನ್ನ ಸ್ನೇಹಿತನಿಗೆ. ಹವಲ್ಲಿಯಲ್ಲಿ ನಮ್ಮದು ಮೂರನೆಯ ಮಹಡಿ, ಅವನದು ಅದೇ ಕಟ್ಟಡದ ಮೊದಲನೆಯ ಮಹಡಿ. ಮೈಸೂರು ಕಡೆಯ ಇಂಜಿನಿಯರ್. ನಾವು ಉಡುಪಿ ಕಡೆಯವರು, ಮನೆಯಲ್ಲಿ ತುಳು, ಅವರೊಡನೆ ಕನ್ನಡ. ನನ್ನ ಕನ್ನಡ ಪಠ್ಯಪುಸ್ತಕದ್ದು ಎಂದು ಛೇಡಿಸುತ್ತಿದ್ದ, ನನ್ನನ್ನು "ಗುರುಗಳೇ" ಎಂದು ಕರೆಯುತ್ತಿದ್ದ. ಎದುರಿಗೆ ಅವನನ್ನು ನಾನು ನೀವು ತಾವು ಎಂದೇ ಮಾತಾಡಿಸುತ್ತಿದ್ದೆ. ಇಲ್ಲಿ ಅವನು ಎಂದು ಬರೆಯುತ್ತೇನೆ. ಅಷ್ಟು ಹಕ್ಕು ನನಗಿದೆ. ಅವನ ಶರ್ಟಿನ ಜೇಬಿನಲ್ಲಿ ಯಾವಾಗಲೂ ಆರಿಂಚಿನ ಒಂದು ಉಕ್ಕಿನ ಸ್ಕೇಲ್ ಇರುತ್ತಿತ್ತು. ದಿನಸಿ ಚೀಟಿಯಲ್ಲಿ ಒಂದು ಸಾಮಾನು ಹೊಡೆದುಹಾಕಬೇಕಾದರೂ ಸ್ಕೇಲ್ ಇಟ್ಟೇ ಗೆರೆ ಎಳೆಯುವವನು.

ನಾರ್ವೆ ಹುಟ್ಟಿದ್ದು ನಮ್ಮ ಆಫೀಸಿನ ಗೋಡೆಯ ಮೇಲೆ. ಹಡಗಿನ ಕಂಪನಿಯೊಂದು ಕೊಟ್ಟ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳಿಗೆ ಆ ದೇಶದ ಚಿತ್ರ: ಕಡಿದಾದ ಬೆಟ್ಟಗಳ ನಡುವೆ ಒಳಗೆ ನುಗ್ಗಿದ ನೀಲಿ ಸಮುದ್ರ, ಬೆಟ್ಟದ ಮೇಲಿಂದ ಹನ್ನೊಂದು ತಿರುವು ತಿರುಗಿ ಇಳಿಯುವ ರಸ್ತೆ. ಹಿಂದಿನ ವರ್ಷ ನನ್ನನ್ನು ಮನೆಗೆ ಕರೆದೊಯ್ಯಲು ಬಂದ ಸ್ನೇಹಿತ ಅದರ ಮುಂದೆ ನಿಂತವನು ಕದಲಲಿಲ್ಲ. ಹೊರಗೆ ಕಾರಿನ ಬಾಗಿಲಿಗೆ ಕೈ ತಾಗಿಸಿದರೆ ಬೊಬ್ಬೆ ಏಳುವಷ್ಟು ಬಿಸಿಲು.

"ಗುರುಗಳೇ, ಈ ರಸ್ತೇಲಿ ಒಂದ್ಸಲ ಕಾರ್ ಓಡಿಸ್ಬೇಕು ಕಣ್ರೀ," ಎಂದ. "ದಾರಿ ನಿಮ್ದು, ಸ್ಟೇರಿಂಗ್ ನಂದು."

ಅಂದಿನಿಂದ ಒಂದು ವರ್ಷ ನಮ್ಮ ಶುಕ್ರವಾರಗಳೆಲ್ಲ ನಾರ್ವೆಗೆ ಹೋದವು. ನಾನು ಓಸ್ಲೊಗೆ ಕಾಗದ ಬರೆದು ನಕ್ಷೆ ತರಿಸಿದೆ. ಅದನ್ನು ನೆಲದ ಮೇಲೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಚಹಾ ಲೋಟ ಇಟ್ಟು, ಎರಡೂ ಮನೆಯವರು ಸುತ್ತ ಕೂರುತ್ತಿದ್ದೆವು. ಆಗಸ್ಟಿನಲ್ಲಿ ಏಳು ದಿನ, ಎರಡು ಸಂಸಾರ, ಆರು ಜನ: ನಾವು ಮೂವರು, ಅವನು, ಅವನ ಹೆಂಡತಿ, ಮಗ. ನಾನು ಗೋದಾಮಿನ ಟ್ರಿಪ್ ಶೀಟಿನಲ್ಲೇ ದಿನಕ್ಕೊಂದರಂತೆ ಬರೆದೆ. ಮೊದಲ ದಿನ ಓಸ್ಲೊ ಬಿಟ್ಟು ಉತ್ತರಕ್ಕೆ. ಮೂರನೆಯ ದಿನ ಕ್ಯಾಲೆಂಡರಿನ ಆ ಹನ್ನೊಂದು ತಿರುವು. ಐದನೆಯ ದಿನ ಎರಡು ಕಡೆ ದೋಣಿ, ಅದರ ವೇಳೆ ತಪ್ಪಿದರೆ ಮುಂದಿನದಕ್ಕೆ ಒಂದೂವರೆ ಗಂಟೆ ಕಾಯಬೇಕು. ಸರಕು ಎಂಬ ಕಾಲಮ್ಮಿನಲ್ಲಿ ತಮಾಷೆಗೆ ನಮ್ಮ ಆರು ಜನರ ಹೆಸರು ಬರೆದು, ಯಾರು ಯಾವ ಸೀಟು ಎಂದೂ ಹಾಕಿದೆ. ಮುಂದಿನ ಸೀಟು ನನ್ನದು, ತೊಡೆಯ ಮೇಲೆ ನಕ್ಷೆ. ಆರು ವರ್ಷದ ನನ್ನ ಮಗಳಿಗೆ ಕಾರಿನಲ್ಲಿ ವಾಂತಿಯಾಗುತ್ತಿತ್ತು. ಅದಕ್ಕೆ ಎರಡೆರಡು ಗಂಟೆಗೊಮ್ಮೆ "ಮಗು, ಹತ್ತು ನಿಮಿಷ" ಎಂದು ನಿಲುಗಡೆ ಹಾಕಿದ್ದೆ.

"ವಾಂತಿಗೂ ಟೈಮ್‌ಟೇಬಲ್ಲಾ ಗುರುಗಳೇ?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ನಾಲ್ಕನೆಯ ದಿನ ಒಂದು ಹಿಮನದಿ ನೋಡಬೇಕೆಂದು ನನಗೆ ಆಸೆಯಿತ್ತು. ಸುತ್ತು ಜಾಸ್ತಿಯಾಗುತ್ತದೆ ಎಂದ. ನಾನು ಮುಖ ಊದಿಸಿಕೊಂಡೆ, ಎರಡು ಶುಕ್ರವಾರ ಜಗ್ಗಾಡಿದೆವು. ಕೊನೆಗೆ ಅವನು ಜೇಬಿನಿಂದ ಸ್ಕೇಲ್ ತೆಗೆದು ಹಿಮನದಿಯ ಮೇಲೆ ಒಂದು ಗೆರೆ ಎಳೆದ. ನೂಲು ಹಿಡಿದಂಥ ಗೆರೆ. ಅವನ ಹೆಂಡತಿ, "ಇವ್ರು ಗೆರೆ ಎಳೆದ್ರೆ ಮುಗೀತು, ಅದ್ನ ಅಳಿಸೋಕೆ ಯಾರಿಂದ್ಲೂ ಆಗಲ್ಲ," ಎಂದರು. ಎಲ್ಲರೂ ನಕ್ಕೆವು, ನಾನೂ ನಕ್ಕೆ.

ನನ್ನ ಹೆಂಡತಿ ಎ.ಸಿ.ಯ ಕೆಳಗೆ ಕೂತು ಉಣ್ಣೆಯ ಸ್ವೆಟರ್ ಹೆಣೆದಳು. ಕುವೈತಿನ ಜುಲೈಯಲ್ಲಿ ಸ್ವೆಟರ್ ಹೆಣೆಯುವ ಹೆಂಗಸನ್ನು ನೋಡಲು ಪಕ್ಕದ ಮನೆಯ ಈಜಿಪ್ಟಿನವಳು ತನ್ನ ತಂಗಿಯನ್ನೂ ಕರೆದುಕೊಂಡು ಬಂದಿದ್ದಳು. ಕುಚ್ಚಲಕ್ಕಿ, ಉಪ್ಪಿನಕಾಯಿ, ಚಿಕ್ಕ ಕುಕ್ಕರ್ ಎಲ್ಲ ಮಂಚದ ಕೆಳಗೆ ಕಟ್ಟಿಟ್ಟಾಗಿತ್ತು. ವೀಸಾ ಕೈಗೆ ಬಂದಿತ್ತು.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಟ್ಯಾಂಕುಗಳು ಬಂದವು. ಅದರ ಬಗ್ಗೆ ಬರೆಯುವವರು ಬರೆದಿದ್ದಾರೆ, ನಾನು ಹೇಳುವುದು ನಮ್ಮ ಕಟ್ಟಡದ ಸಂಗತಿಯನ್ನು ಮಾತ್ರ. ವಿಮಾನ ನಿಲ್ದಾಣ ಮುಚ್ಚಿತು, ಗೋದಾಮಿಗೆ ಬೀಗ ಬಿತ್ತು, ಅಂಗಡಿಗಳಲ್ಲಿ ಹಾಲಿನ ಪುಡಿ ಮುಗಿಯಿತು. ಊರು ಸೇರಬೇಕಾದರೆ ಇರಾಕ್ ದಾಟಿ ಜೋರ್ಡನ್ನಿಗೆ ಹೋಗುವುದೊಂದೇ ದಾರಿ ಎಂದು ಎಲ್ಲರೂ ಮಾತಾಡಿಕೊಳ್ಳತೊಡಗಿದರು. ಕಾರಿದ್ದವರು ಕಾರಿನಲ್ಲಿ ಹೊರಟರು. ಇಲ್ಲದವರು ಬಸ್ಸಿಗೆ ಹೆಸರು ಬರೆಸಲು ಅಲೆದರು. ನಾನು ಬರೆಸಲಿಲ್ಲ, ನನಗೇಕೆ ಬೇಕು ಬಸ್ಸು?

ಸ್ನೇಹಿತ ಮೇಲೆ ಬಂದು ನನ್ನ ಮೊಣಕಾಲು ತಟ್ಟಿದ. "ನಾರ್ವೆಗೆ ಮಾಡಿದ್ರಲ್ಲ, ಹಂಗೇ ಇದಕ್ಕೂ ಒಂದು ಶೀಟ್ ಮಾಡಿ ಗುರುಗಳೇ. ಅವೇ ಆರು ಜನ. ನಿಮ್ಮನ್ನ ಬಿಟ್ಟು ನಾನು ಹೋಗ್ತೀನಾ?"

ಅಂಥ ಹಾಳೆ ನಾನು ಅದುವರೆಗೆ ಬರೆದಿರಲಿಲ್ಲ. ಎರಡು ದಿನ ಕೂತು, ಡ್ರೈವರುಗಳ ಷರಾಗಳನ್ನೆಲ್ಲ ನೆನಪು ಮಾಡಿಕೊಂಡು, ಪೆಟ್ರೋಲ್, ನೀರು, ನೆರಳು ಎಲ್ಲೆಲ್ಲಿ ಎಂದು ಬರೆದೆ. ಶುಕ್ರವಾರ ಬೆಳಿಗ್ಗೆ ಐದಕ್ಕೆ ಹೊರಡುವುದು. ಎರಡು ಗಂಟೆಗೊಮ್ಮೆ ಮಗು, ಹತ್ತು ನಿಮಿಷ. ಮರುಭೂಮಿಯ ರಾತ್ರಿ ಚಳಿ, ನಾರ್ವೆಯ ಸ್ವೆಟರ್ ಮೇಲೆಯೇ ಇರಲಿ. ಸರಕಿನ ಕಾಲಮ್ಮಿನಲ್ಲಿ ಆರು ಹೆಸರು. ಮಂಗಳವಾರ ಬಿಳಿ ಪ್ರತಿಯನ್ನು ಹರಿದು ಅವನ ಕೈಗೆ ಕೊಟ್ಟೆ. ಬಿಳಿ ಪ್ರತಿ ಡ್ರೈವರನಿಗೆ. ಬೇರೆ ರೀತಿ ಮಾಡಿ ನನಗೆ ಅಭ್ಯಾಸವಿಲ್ಲ. ಅದು ಕೈಗೆ ಬಂದ ಮೇಲೆ ಡ್ರೈವರನಿಗೆ ಗುಮಾಸ್ತನಿಂದ ಆಗಬೇಕಾದ್ದೇನೂ ಇಲ್ಲ ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ.

ಬುಧವಾರ ನಮ್ಮಲ್ಲಿ ಚಹಾ ಕುಡಿಯುತ್ತ ಅವನೇ ಕೆಲಸ ಹಂಚಿದ. "ನಾಳೆ ನೀವು ಖುಬ್ಬೂಸ್ ತಂದ್ಬಿಡಿ, ದಾರಿಗಾಗುತ್ತೆ. ಪೆಟ್ರೋಲ್ ನಾನು ನೋಡ್ಕೋತೀನಿ."

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬೇಕರಿಯ ಸಾಲಿನಲ್ಲಿ ನಿಂತೆ. ಒಬ್ಬರಿಗೆ ಇಷ್ಟೇ ರೊಟ್ಟಿ ಎಂದಿತ್ತು. ಆರು ಜನರ ದಾರಿಗೆ ಸಾಲದೆಂದು ಎರಡನೆಯ ಸಲ ಸಾಲಿನ ಕೊನೆಗೆ ಹೋಗಿ ನಿಂತೆ. ಬಿಸಿಲಿಗೆ ಒಬ್ಬ ಮುದುಕ ತಲೆ ತಿರುಗಿ ಬಿದ್ದ. ನಾಲ್ಕು ಗಂಟೆಗೆ ಖುಬ್ಬೂಸಿನ ಎರಡು ಕಟ್ಟು ಎದೆಗೆ ಅವಚಿಕೊಂಡು, ಒಳ್ಳೆ ಬೇಟೆಯಾಡಿದವನ ಹಾಗೆ ಕಟ್ಟಡಕ್ಕೆ ಬಂದೆ. ಕೆಳಗೆ ಕಾರಿರಲಿಲ್ಲ.

"ಪೆಟ್ರೋಲ್ ಹಾಕ್ಸಿ ಬರ್ತೇವೆ ಅಂತ ಹೋಗಿದ್ದಾರೆ," ಎಂದಳು ಹೆಂಡತಿ. "ಹಾಗೇ ಸಾಮಾನೂ ತುಂಬಿಸುವಾ ಅಂದ್ರು. ನಮ್ಮ ನೀರಿನ ಕ್ಯಾನು, ಬಟ್ಟೆಯ ದೊಡ್ಡ ಬ್ಯಾಗು ನಾನೇ ಇಳಿಸಿ ಕೊಟ್ಟೆ."

"ಯಾರೆಲ್ಲ ಹೋಗಿದ್ದು?"

"ಮೂರೂ ಜನ. ಅವ್ರ ಹೆಂಡತಿಗೆ ಮನೆಯಲ್ಲಿ ಒಬ್ರೇ ಇರ್ಲಿಕ್ಕೆ ಹೆದರಿಕೆ ಆಗ್ತದೋ ಏನೋ. ಅವ್ರು ಹೋಗುವಾಗ ಮಗಳ ಕೆನ್ನೆ ಸವರಿದ್ರು."

ಆರು ಗಂಟೆಯವರೆಗೆ ಬಾಲ್ಕನಿಯಲ್ಲಿ ನಿಂತೆವು. ಮಗಳು ಪ್ರತಿ ಕಾರಿಗೂ "ಬಂತು" ಎನ್ನುತ್ತಿದ್ದಳು. ಕೆಳಗೆ ಹೋಗಿ ಅವರ ಬಾಗಿಲು ನೋಡಿದೆ, ಬೀಗ. ಶುಕ್ರವಾರ ಐದು ಗಂಟೆಗೆ ನಾವು ಮೂವರೂ ಹಲ್ಲುಜ್ಜಿ ಚಪ್ಪಲಿ ಹಾಕಿಕೊಂಡು ಕೆಳಗೆ ಹೋಗಿ ನಿಂತಿದ್ದೆವು. ಶೀಟಿನಲ್ಲಿ ಹಾಗೆ ಬರೆದಿತ್ತಲ್ಲ. ಶನಿವಾರದ ಹೊತ್ತಿಗೆ ಖುಬ್ಬೂಸು ಒಣಗಿ ಹಪ್ಪಳವಾಗಿತ್ತು.

ಬಸ್ಸಿಗೆ ಹೆಸರು ಬರೆಸಿ ಜಾಗ ಸಿಗಲು ಮೂರು ವಾರ ಹಿಡಿಯಿತು. ಆಮೇಲೆ ಹನ್ನೊಂದು ದಿನದ ಪ್ರಯಾಣ. ಕಿಟಕಿಯಿಂದ ಹೊರಗೆ ನೋಡುತ್ತ ನಾನು ಬರೆದ ಪೆಟ್ರೋಲ್ ಪಂಪುಗಳನ್ನು ಒಂದೊಂದಾಗಿ ಗುರುತಿಸಿದೆ. ಬಸ್ಸು ಯಾವುದರಲ್ಲೂ ನಿಲ್ಲಲಿಲ್ಲ. ಮಗಳು ತಾಯಿಯ ಸೆರಗಿನಲ್ಲಿ ವಾಂತಿ ಮಾಡಿಕೊಂಡಳು, ತೊಳೆಯಲು ನೀರಿರಲಿಲ್ಲ. ಗಡಿಯಾಚೆ ಮರಳಿನ ಮೇಲೆ ಹಾಕಿದ ಡೇರೆಗಳಲ್ಲಿ ಐದು ದಿನ ಇದ್ದೆವು. ಮಗು ಚಳಿಗೆ ಗಡಗಡ ನಡುಗುವಾಗ ಹೆಂಡತಿ ನನ್ನನ್ನು ನೋಡಿ, "ಸ್ವೆಟರ್ ಆ ಬ್ಯಾಗಲ್ಲಿ ಉಂಟು," ಎಂದಳು. ಅಷ್ಟೇ ಹೇಳಿದ್ದು. ನಾನು ಅವಳ ಮೇಲೆ ರೇಗಿದೆ. ರೇಗಬೇಕಾದವನು ಅಲ್ಲಿರಲಿಲ್ಲ.

ಅದಕ್ಕಿಂತ ನಾಚಿಕೆಯ ಸಂಗತಿ ಏನೆಂದರೆ, ಅವನ ಪರವಾಗಿ ವಾದಿಸಿದವನೂ ನಾನೇ. ಪಂಪಿನ ಹತ್ತಿರ ಸೈನಿಕರು ತಡೆದಿರಬೇಕು, ತಿರುಗಿ ಬರಲು ಬಿಟ್ಟಿರಲಿಕ್ಕಿಲ್ಲ, ಮುಂದೆ ನಡಿ ಎಂದು ಬಂದೂಕು ತೋರಿಸಿರಬೇಕು. ಉಡುಪಿಯಲ್ಲಿ ಬಾಡಿಗೆ ಮನೆ ಹಿಡಿದು ಕೂತ ಮೇಲೂ ತಿಂಗಳುಗಟ್ಟಲೆ ಈ ಕಥೆಯನ್ನು ಹೆಂಡತಿಗೆ ಹೇಳಿದೆ. ಹೇಳುತ್ತ ಹೇಳುತ್ತ ಅದಕ್ಕೆ ಒಬ್ಬ ಮೀಸೆಯ ಸೈನಿಕನೂ ಸೇರಿಕೊಂಡ. ಅವಳು ಮೀನು ಕೊಯ್ಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಹತ್ತು ವರ್ಷದ ಗೆಳೆತನ ಸುಳ್ಳು ಎಂದು ಒಪ್ಪುವುದಕ್ಕಿಂತ ಒಬ್ಬ ಸೈನಿಕನನ್ನು ಹುಟ್ಟಿಸುವುದು ನನಗೆ ಸುಲಭವಾಗಿತ್ತು.

1991ರಲ್ಲಿ, ಯುದ್ಧ ಮುಗಿದು ಕುವೈತ್ ಬಿಡುಗಡೆಯಾಗಿ ಕೆಲವು ತಿಂಗಳ ನಂತರ, ಮೈಸೂರಿನಿಂದ ದಪ್ಪನೆಯ ಒಂದು ಲಕೋಟೆ ಬಂತು. ಅವನದೇ ಅಕ್ಷರ. ಕಂಪನಿಯವರು ವಾಪಸ್ ಕರೆದಿದ್ದಾರೆ, ಸಂಸಾರ ಸಮೇತ ಹೊರಟಿದ್ದೇವೆ ಎಂದು ಬರೆದಿದ್ದ. ಅಂದು ಪೆಟ್ರೋಲ್ ಹಾಕಿಸುವಾಗ ಸೈನಿಕರು ತಡೆದರು, ಹಿಂದೆ ತಿರುಗಲು ಬಿಡಲಿಲ್ಲ, ಎಲ್ಲ ಒಂದು ಗಳಿಗೆಯಲ್ಲಿ ಆಗಿಹೋಯಿತು, ಕ್ಷಮಿಸಿ ಗುರುಗಳೇ. ನನ್ನದೇ ಕಥೆ, ಮೀಸೆಯೊಂದು ಇರಲಿಲ್ಲ. ಓದಿ ನನಗೆ ಕಣ್ಣು ತುಂಬಿತು. ನಾನು ಹೇಳಲಿಲ್ಲವಾ ಎಂದು ಹೆಂಡತಿಯನ್ನು ಕೂಗಿದೆ.

ಕಾಗದದ ಕೊನೆಯಲ್ಲಿ ಹೀಗಿತ್ತು: "ಬಿಳಿ ಪ್ರತಿ ವಾಪಸ್ ಬರಲೇಬೇಕು ಅನ್ನುತ್ತಿದ್ದಿರಿ. ಜೋಪಾನವಾಗಿ ಇಟ್ಟಿದ್ದೆ, ಇದರೊಂದಿಗೆ ಕಳಿಸಿದ್ದೇನೆ. ನಿಮಗೆ ಖುಷಿಯಾಗಬಹುದು."

ಹಾಳೆ ಬಿಚ್ಚಿದೆ. ಸರಕಿನ ಕಾಲಮ್ಮಿನಲ್ಲಿ ನಮ್ಮ ಮೂವರ ಹೆಸರಿನ ಮೇಲೆ ಮೂರು ಗೆರೆ. ಸ್ಕೇಲ್ ಇಟ್ಟು ಎಳೆದ ಗೆರೆ. ಮೊದಲಕ್ಷರದಿಂದ ಕೊನೆಯ ಅಕ್ಷರದವರೆಗೆ, ಒಂದು ಕೂದಲೂ ಸೊಟ್ಟಗಿಲ್ಲ. ಪಕ್ಕದಲ್ಲಿ ಅವನ ಮುದ್ದಾದ ಅಕ್ಷರದಲ್ಲಿ ಬೇರೆ ಮೂರು ಹೆಸರು: ಸಾಲ್ಮಿಯಾದಲ್ಲಿದ್ದ ಅವನ ಹೆಂಡತಿಯ ತಮ್ಮ, ಆತನ ಹೆಂಡತಿ, ಮಗು. ಮೇಲೆ, ಶುಕ್ರವಾರ ಐದು ಗಂಟೆ ಎಂಬುದರ ಮೇಲೂ ಅಂಥದೇ ಗೆರೆ. ಅದರ ಮುಂದೆ ಗುರುವಾರ ಮಧ್ಯಾಹ್ನ ಎರಡು. ಎಲ್ಲ ಒಂದೇ ಶಾಯಿ. ಓಡುವ ಕಾರಿನಲ್ಲಿ, ಬಂದೂಕಿನ ಮುಂದೆ ಹಾಗೆ ಗೆರೆ ಎಳೆಯಲು ಬರುವುದಿಲ್ಲ. ಮೇಜು ಬೇಕು, ಕುರ್ಚಿ ಬೇಕು, ನಿಧಾನ ಬೇಕು. ಬುಧವಾರ ನಮ್ಮ ಮನೆಯಲ್ಲಿ ಚಹಾ ಕುಡಿದು ನನ್ನನ್ನು ಖುಬ್ಬೂಸಿಗೆ ಕಳಿಸುವಾಗ ನಾನು ಆ ಹಾಳೆಯಲ್ಲಿ ಇರಲೇ ಇಲ್ಲವೋ ಏನೋ.

ಸ್ವಂತ ಭಾವಮೈದುನ, ಬಿಡಲಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ? ನಮ್ಮ ಹೆಸರುಗಳನ್ನು ನಾನೇ ಹೊಡೆದುಹಾಕುತ್ತಿದ್ದೆ ಎಂದು ಈಗ ದೊಡ್ಡವನ ಹಾಗೆ ಹೇಳಬಹುದು. ಆಗ ಜಗಳವಾಡುತ್ತಿದ್ದೆನೋ ಏನೋ. ಆದರೆ ಮೊದಲೇ ಬಸ್ಸಿಗೆ ಹೆಸರಾದರೂ ಬರೆಸುತ್ತಿದ್ದೆ.

ಪೆಟ್ಟಿಗೆಯಿಂದ ಹಳದಿ ಪ್ರತಿ ತೆಗೆದೆ. ದಾರಿಯುದ್ದಕ್ಕೂ ನನ್ನ ಜೇಬಿನಲ್ಲಿದ್ದು ಬೆವರಿಗೆ ಮೆತ್ತಗಾಗಿದ್ದ ಆ ಹಾಳೆಯಲ್ಲಿ ನಾವು ಆರು ಜನರೂ ಹಾಗೇ ಇದ್ದೆವು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಬಿಳಿ ಪ್ರತಿಯ ಷರಾದಲ್ಲಿ ಅವನು, "ಪ್ಲ್ಯಾನ್ ಅಚ್ಚುಕಟ್ಟು. ಎಲ್ಲೂ ತೊಂದರೆಯಾಗಲಿಲ್ಲ," ಎಂದು ಬರೆದಿದ್ದ.

ಹೆಂಡತಿ ಕೈ ಒರೆಸಿಕೊಂಡು ಬಂದು ಬಿಳಿ ಹಾಳೆ ಎತ್ತಿಕೊಂಡಳು. ಗೆರೆಗಳನ್ನು ಕಂಡು ಅವಳಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ. ನಿಲುಗಡೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಇಲ್ಲಿ ನೋಡಿ," ಎಂದಳು. "ನಮ್ಮ ಮಗಳಿಗೆ ಅಂತ ನೀವು ಬರೆದಲ್ಲೆಲ್ಲ ಕಾರು ನಿಲ್ಸಿದ್ದಾರೆ."

ಒಂಬತ್ತು ಕಡೆ. ಒಂದೊಂದರ ಮುಂದೆಯೂ ನಿಂತ ವೇಳೆ, ಹೊರಟ ವೇಳೆ ಎರಡನ್ನೂ ತುಂಬಿದ್ದ. ಎಲ್ಲ ಕಡೆಯೂ ಸರಿಯಾಗಿ ಹತ್ತು ನಿಮಿಷ.