ಅವ್ವಣ್ಣನ ವ್ಯವಸಾಯ

ಅಫಜಲಪುರದ ಕಡೆಯ ಅವ್ವಣ್ಣ ಪುಣೆಯ ಯೆರವಡಾಕ್ಕೆ ಬಂದದ್ದು ತೊಂಬತ್ತೊಂಬತ್ತರಲ್ಲಿ. ಕಂಪ್ಯೂಟರ್ ಕಂಪನಿಗಳಿಗೆಂದು ಅಲ್ಲಿ ಕಟ್ಟಡಗಳು ಏಳುತ್ತಿದ್ದವು. ಅವುಗಳ ನೆಲಕ್ಕೆ ಗ್ರಾನೈಟು ಬೇಕು, ಗ್ರಾನೈಟು ಕೊಯ್ಯಲು ಅವ್ವಣ್ಣ ಬೇಕು. ಕರೆಂಟಿನ ಕಟರ್ ಹಿಡಿದು ಕೂತನೆಂದರೆ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ನೀರು ಹಾಕದೆ ಒಣಗಲ್ಲನ್ನೇ ಕೊಯ್ದು ಸಂಜೆ ಎದ್ದಾಗ ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗೆ. ಮೂವತ್ತೈದರ ಆಳು ತನ್ನ ಅಜ್ಜನ ಹಾಗೆ ಕಾಣುತ್ತಿದ್ದ.

ಧೂಳಿಗೆ ಗುತ್ತಿಗೆದಾರ ಅವಧೂತ ತಕ್ಕ ವ್ಯವಸ್ಥೆಯನ್ನೇ ಮಾಡಿದ್ದ. ದಿನಾ ಸಂಜೆ ಒಬ್ಬೊಬ್ಬರಿಗೆ ಒಂದೊಂದು ತುಂಡು ಬೆಲ್ಲ. ತಿಂದರೆ ಎದೆಯ ಧೂಳು ಹೊಟ್ಟೆಗಿಳಿದು ಹೊರಬೀಳುತ್ತದಂತೆ. ಯಾವ ದಾರಿಯಿಂದ ಇಳಿಯುತ್ತದೆ ಎಂದು ಕೇಳಿದವರಿಲ್ಲ. ಬಾಯಿ ಸಿಹಿಯಾಗಿರುವಾಗ ಯಾರಿಗೆ ಬೇಕು ಆ ತಕರಾರು?

ನಾಲ್ಕನೆಯ ವರ್ಷ ಕೆಮ್ಮು ಹಿಡಿಯಿತು. ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಅದೇ ಕಟ್ಟಡದಲ್ಲಿ ಕೆಲಸಕ್ಕಿದ್ದ ಹೆಂಡತಿ ಚಂದಮ್ಮ ಅವನನ್ನು ದವಾಖಾನೆಗೆ ಎಳೆದೊಯ್ದಳು. ಚೀಟಿ ಬರೆಯುವವನು ತಲೆ ಎತ್ತದೆ ಮರಾಠಿಯಲ್ಲಿ ಕೇಳಿದ: "ವ್ಯವಸಾಯ ಕಾಯ್?"

ಕಸುಬು ಏನು ಎಂದು ಅದರ ಅರ್ಥ. ಕಟ್ಟಡದ ಮರಾಠಿಯಲ್ಲಿ ಕೆಲಸಕ್ಕೆ ಅವ್ವಣ್ಣ ಕಲಿತ ಮಾತು 'ಕಾಮ್' ಒಂದೇ. ವ್ಯವಸಾಯ ಅಂದರೆ ಊರಲ್ಲಿ ರೇಡಿಯೊದವರು ಹೇಳುತ್ತಿದ್ದ ಬೇಸಾಯ. ದವಾಖಾನೆಯವರೂ ಹೊಲದ ಸುದ್ದಿ ವಿಚಾರಿಸುತ್ತಾರಲ್ಲ, ಎಂಥ ಒಳ್ಳೆಯ ಜನ ಎಂದು ಹಿಗ್ಗಿ, "ದೋನ್ ಏಕರ್. ತೂರ್, ಜ್ವಾರೀ," ಎಂದು ತನ್ನ ಎರಡೆಕರೆಯ ತೊಗರಿ, ಜೋಳದ ಲೆಕ್ಕ ಕೊಟ್ಟ. ಆತ 'ಶೇತಕರಿ' ಎಂದು ಬರೆದ. ಅಂದರೆ ರೈತ.

ಅಲ್ಲಿಂದ ಎರಡು ವರ್ಷ ರೈತ ಅವ್ವಣ್ಣನಿಗೆ ಕ್ಷಯದ ಗುಳಿಗೆ ನಡೆದವು. ಕಫದಲ್ಲಿ ಕ್ಷಯ ಸಿಗಲಿಲ್ಲ. ಸಿಗದಿದ್ದರೇನು, ಗುಳಿಗೆ ಇದ್ದವಲ್ಲ. ಬೆಳಿಗ್ಗೆ ಅದನ್ನು ನುಂಗಿ ಅವನು ಕಟರ್ ಹಿಡಿಯುತ್ತಿದ್ದ.

ಕಡೆಗೆ ಹೊಸದಾಗಿ ಬಂದ ಧಾರವಾಡದ ಇಂದೂ ಎಂಬ ಡಾಕ್ಟರಮ್ಮ ಅವನ ಎಕ್ಸರೇ ಬೆಳಕಿಗೆ ಹಿಡಿದು ಕನ್ನಡದಲ್ಲೇ ಕೇಳಿದರು: "ದಿನಾ ಏನ್ ಕೆಲಸಾ ಮಾಡ್ತೀರಿ ನೀವು?"

"ಕಲ್ ಕೊಯ್ತೀನ್ರಿ ಬಾಯಾರ."

"ಇಷ್ಟ್ ದಿನಾ ಯಾಕ ಹೇಳಲಿಲ್ಲ?"

"ಯಾರೂ ಕೇಳಿಲ್ರಿ. ಹೊಲದ್ದಷ್ಟೇ ಕೇಳಿದ್ರು."

ಎದೆಯಲ್ಲಿ ಕಲ್ಲಿನ ಪುಡಿ ಕೂತಿದೆ, ಹೋದ ಉಸಿರು ಮರಳಿ ಬರುವುದಿಲ್ಲ, ಉಳಿದದ್ದಾದರೂ ಉಳಿಯಬೇಕಾದರೆ ಇವತ್ತೇ ಧೂಳು ಬಿಡಿ ಎಂದರು. ಆ ಎರಡು ವರ್ಷ ನೆನೆದರೆ ಈ ಕಥೆ ಹೇಳುತ್ತಿರುವ ನನಗೆ ಈಗಲೂ ಮೈ ಉರಿಯುತ್ತದೆ.

ಚಂದಮ್ಮ ಗಂಡನಿಗೆ ಬೇರೆ ಕೆಲಸ ಕೇಳಿದಳು. ಅವಧೂತ ದವಾಖಾನೆಯ ಚೀಟಿ ತಿರುವಿ ನೋಡಿ ನಕ್ಕ. "ಹಾ ತರ್ ಶೇತಕರಿ! ಶೇತಾತಲೀ ಧೂಳ್ ಆಹೇ." ಇದು ಹೊಲದ ಧೂಳು ಎಂದು ತೀರ್ಪಾಯಿತು. ಆದರೂ ದೊಡ್ಡ ಮನಸ್ಸಿನವನು; ಕಟರ್ ಬಿಡಿಸಿ ಹಗುರ ಕೆಲಸ ಕೊಟ್ಟ. ಕೊಯ್ದ ಕಲ್ಲಿನ ಧೂಳು ಗುಡಿಸುವುದು.

ಅವ್ವಣ್ಣ ಕೈಮುಗಿದು ಕಸಬರಿಗೆ ಹಿಡಿದ. ಹೊಸ ಗೋಡೆ ಬಿರಿಯದಂತೆ ನೀರು ಹೊಡೆಯುವುದು ಚಂದಮ್ಮನ ಕೆಲಸ. ಹೊತ್ತು ತಂದ ಕೊಡವನ್ನು ಅವಳು ಹಾಗೇ ಆ ಧೂಳಿನ ಮೇಲೆ ಬೋರಲು ಹಾಕಿದಳು.

"ಪಾಣೀ ಕಶಾಲಾ?" ನೀರು ಯಾಕೆಂದು ಅವಧೂತ ಕಿರುಚಿದ.

"ಗ್ವಾಡಿಗಿ ಹಾಕ್ತೀನಲ್ರಿ, ಮನಷ್ಯಾಗ ಹಾಕಬಾರದೇನ?"

ಅವ್ವಣ್ಣ ಗುಡಿಸಿದ. ಧೂಳು ಏಳಲಿಲ್ಲ. ಅವನು ಕೈ ನಿಲ್ಲಿಸಿ ಒದ್ದೆ ನೆಲವನ್ನೇ ನೋಡಿದ.

"ಇಷ್ಟೇ ಇತ್ತೇನ?" ಎಂದ.